ಅರಣ್ಯ ರಕ್ಷಕನ ಸಲಕರಣೆ: ಒಂದು ಚಾರಿತ್ರಿಕ ಅವಲೋಕನ

ದಿಂಬಂ ಘಟ್ಟದ ಮೇಲಿನ ನಮ್ಮ ತಾಳವಾಡಿ ಸೀಮೆಯು ಆಡಳಿತದಿಂದ ತಮಿಳುನಾಡಿಗೂ ನುಡಿಯಿಂದ ಕನ್ನಡಕ್ಕೂ ಸೇರಿದ್ದು. ನೆಲದ ಸ್ವಭಾವದಿಂದ ಅದು ಕಾಡಿಗೆ ಸೇರಿದ್ದು. ಇಂತಹ ಸೀಮೆಯ ಚರಿತ್ರೆಯಲ್ಲಿ ಪಾಳೆಯಗಾರರಿಗೆ ದೊರೆತ ಸ್ಥಾನ ಅರಣ್ಯ ರಕ್ಷಕನಿಗೆ ದೊರೆತಿಲ್ಲ. ಆದರೆ ಅವನ ಕೈಗೆ ಕಾಲಕಾಲಕ್ಕೆ ಏನನ್ನು ಕೊಟ್ಟರೆಂಬುದನ್ನು ಗಮನಿಸಿದರೆ, ಆಳುವವರು ಕಾಡನ್ನು ಏನೆಂದು ತಿಳಿದಿದ್ದರೆಂಬುದು ಸ್ಪಷ್ಟವಾಗುತ್ತದೆ.

1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಹ್ಯೂ ಕ್ಲೆಗ್‌ಹಾರ್ನ್ ನೇಮಕಗೊಂಡರು. ಹಡಗಿಗೆ, ರೈಲುಹಾದಿಗೆ ಮರಮುಟ್ಟು ಬೇಕಾಗಿದ್ದ ಕಾಲವದು. 1882ರ ಮದರಾಸು ಅರಣ್ಯ ಕಾಯಿದೆಯು ಮರ ಕಡಿಯುವುದನ್ನೂ ದನ ಮೇಯಿಸುವುದನ್ನೂ ಬೆಂಕಿ ಹಚ್ಚುವುದನ್ನೂ ನಿರ್ಬಂಧಿಸಿತು. ದಿಮ್ಮಿಗೆ ಮುದ್ರೆ ಒತ್ತುವ ಸುತ್ತಿಗೆಯೇ ಇಲಾಖೆಯ ಅಧಿಕಾರದ ಚಿಹ್ನೆಯಾಗಿತ್ತು. ಕಾವಲುಗಾರನು ಕಾಯುತ್ತಿದ್ದುದು ಸರಕಾರದ ಸೊತ್ತನ್ನು, ಕಾಯುತ್ತಿದ್ದುದು ಊರಿನವರಿಂದ. 1873ರಲ್ಲಿಯೇ ಕಾಡಾನೆಗಳ ರಕ್ಷಣೆಗೆ, 1879ರಲ್ಲಿ ನೀಲಗಿರಿಯ ಬೇಟೆಪ್ರಾಣಿಗಳಿಗೆ ಕಾಯಿದೆಗಳು ಬಂದಿದ್ದವು ನಿಜ. ಆದರೂ ಗಾಯಗೊಂಡ ಪ್ರಾಣಿಯನ್ನು ಉಳಿಸುವುದು ಕಾವಲುಗಾರನ ಕರ್ತವ್ಯವೆಂದು ಆಗ ಯಾರೂ ಭಾವಿಸಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಮರುವರ್ಷದ ಹುಲಿ ಯೋಜನೆ ಈ ಭಾವನೆಯನ್ನು ಬದಲಿಸಿದವು. ಕರ್ತವ್ಯ ಬದಲಾಯಿತು, ಸಲಕರಣೆ ಅಷ್ಟು ಬೇಗ ಬದಲಾಗಲಿಲ್ಲ. ಅದರ ಬೆಲೆಯನ್ನು ನಮ್ಮ ಕಾಡುಗಳೇ ತೆತ್ತವು. ವೀರಪ್ಪನ್ ದಂತ, ಗಂಧಗಳ ಕಳ್ಳಸಾಗಣೆ ನಡೆಸುತ್ತಿದ್ದಾಗ, ಲಾಠಿ ಹಿಡಿದವರು ಬಂದೂಕು ಹಿಡಿದವರನ್ನು ಎದುರಿಸಬೇಕಾಯಿತು. ಗೋಪಿನಾಥದ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ಶರಣಾಗತಿಯ ಮಾತನ್ನು ನಂಬಿ ನಿರಾಯುಧರಾಗಿ ಹೋಗಿ 1991ರ ನವೆಂಬರ್ 10ರಂದು ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. 2000ದ ಜುಲೈ 30ರಂದು ನಮ್ಮ ಗಾಜನೂರಿನಿಂದಲೇ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು.

2004ರಲ್ಲಿ ಆ ಅಧ್ಯಾಯ ಮುಗಿಯಿತು. 2008ರಲ್ಲಿ ವನ್ಯಜೀವಿಧಾಮವಾದ ಸತ್ಯಮಂಗಲವು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಗಳ ಸಂಖ್ಯೆ ಇಮ್ಮಡಿಯಾದುದಕ್ಕಾಗಿ 2022ರಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿಯೂ ದೊರೆಯಿತು. ಇಂದು ಕಾಡಿನೊಳಗೆ ಸ್ವಯಂಚಾಲಿತ ಕ್ಯಾಮೆರಾಗಳಿವೆ; ಗಸ್ತಿನ ಹಾದಿಯನ್ನು ದಾಖಲಿಸುವ ಮೊಬೈಲ್ ವ್ಯವಸ್ಥೆಯಿದೆ. ಆದರೆ ಸಂಘರ್ಷವೀಗ ಕಾಡಿನ ಅಂಚಿಗೆ, ರಾಗಿ ಹೊಲಕ್ಕೆ, ಕಲ್ಲುಕ್ವಾರಿಗೆ ಬಂದಿದೆ.

ಇಲ್ಲಿ ಬೇಕಾದ ಸಲಕರಣೆ ಬೇರೆ. ಅರಿವಳಿಕೆ ಮದ್ದನ್ನು ಪ್ರಾಣಿಯ ತೂಕ ಅಂದಾಜಿಸಿ ನಿರ್ಧರಿಸುವವರು ಪಶುವೈದ್ಯರು. ಮದ್ದು ಕಡಿಮೆಯಾದರೆ ಪ್ರಾಣಿ ಎದ್ದು ಮೇಲೆ ಬೀಳುತ್ತದೆ, ಹೆಚ್ಚಾದರೆ ಅದರ ಪ್ರಾಣಕ್ಕೇ ಅಪಾಯ. ಬಲೆ ಬೀಸುವುದು, ಬೋನು ಸಾಗಿಸುವುದು, ಮಂಪರಿನಲ್ಲಿರುವ ಚಿರತೆಯ ಕಣ್ಣಿಗೆ ಬಟ್ಟೆ ಕಟ್ಟುವುದು, ಉಸಿರಾಟವನ್ನು ಗಮನಿಸುತ್ತಿರುವುದು, ಎಲ್ಲಕ್ಕೂ ಮಿಗಿಲಾಗಿ ಜನಸಂದಣಿಯನ್ನು ದೂರವಿರಿಸುವುದು ರಕ್ಷಕರ ಕೆಲಸ. 2023ರ ಏಪ್ರಿಲ್‌ನಲ್ಲಿ, ರೈತರ ಪ್ರಾಣಹಾನಿಗೆ ಕಾರಣವಾಗಿದ್ದ ‘ಕರುಪ್ಪನ್’ ಎಂಬ ಆನೆಯನ್ನು ಹಲವು ವಿಫಲ ಯತ್ನಗಳ ಬಳಿಕ ಕುಮ್ಕಿ ಆನೆಗಳ ನೆರವಿನಿಂದ ಹಿಡಿದುದನ್ನು ತಾಳವಾಡಿಯವರು ಬಲ್ಲರು. ಮದ್ದು ತಗುಲಿದ ಆನೆ ಎತ್ತ ಓಡೀತೆಂಬುದನ್ನು ಯಾವ ಯಂತ್ರವೂ ಹೇಳದು. ಕಾಡನ್ನು ಕಾಲಿನಿಂದ ಕಲಿತವರೇ ಹೇಳಬೇಕು.

ಅಂತಹ ಅರಿವುಳ್ಳವರು ಸೋಲಿಗರು, ಊರಾಳಿಗಳು. ಬೇಟೆ ತಡೆಯುವ ‘ವಾಚರ್’ಗಳಾಗಿ ಇವರಲ್ಲಿ ಹಲವರು ತಾತ್ಕಾಲಿಕ ವೇತನದ ಮೇಲೆ ದುಡಿಯುತ್ತಾರೆ. ಸಲಕರಣೆಯೆಂದರೆ ಬೂಟು, ಟಾರ್ಚು, ವಾಕಿಟಾಕಿ ಮಾತ್ರವಲ್ಲ. ಖಾಯಂ ಕೆಲಸ, ವಿಮೆ, ತರಬೇತಿ ಕೂಡ ಸಲಕರಣೆಯೇ. ಅವುಗಳೊಂದಿಗೆ ಭಾಷೆಯೂ ಸೇರಬೇಕು. ಆನೆ ಹೊಲಕ್ಕಿಳಿದ ಇರುಳಿನಲ್ಲಿ “ಹಿಂದೆ ಸರಿಯಿರಿ” ಎಂಬ ಮಾತು ರೈತನ ಮನೆಮಾತಿನಲ್ಲಿಯೇ ಕೇಳಿಸಬೇಕು. ಆದುದರಿಂದ ಈ ಭಾಗದ ರಕ್ಷಕರಿಗೆ ಕನ್ನಡದ ಪರಿಚಯವಿರಬೇಕು, ಎಚ್ಚರಿಕೆಯ ಫಲಕಗಳು ತಮಿಳಿನೊಡನೆ ಕನ್ನಡದಲ್ಲಿಯೂ ಇರಬೇಕು ಎಂದು ಕೇಳುವುದು ಬರಿಯ ಭಾಷಾಭಿಮಾನವಲ್ಲ. ಅದು ರೈತನ, ರಕ್ಷಕನ, ಆನೆಯ ಜೀವದ ಪ್ರಶ್ನೆ.