ಸಿಸ್ಟಂ ಕಾಲ್ ಕೋಡಿನ ಮರುರಚನೆ

ಕಡತ ತೆರೆಯಲು, ಓದಲು, ಹೊಸ ಪ್ರೊಸೆಸ್ ಹುಟ್ಟಿಸಲು ತಂತ್ರಾಂಶವೊಂದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲಿನ ಮೊರೆಹೋಗುವ ಅಧಿಕೃತ ದಾರಿ ಸಿಸ್ಟಂ ಕಾಲ್. ಕರೆಯ ಸಂಖ್ಯೆ, ಆರ್ಗ್ಯುಮೆಂಟುಗಳ ಕ್ರಮ, ಮರಳಿ ಬರುವ ಉತ್ತರ ಇವನ್ನು ಹಾಗೇ ಉಳಿಸಿಕೊಂಡು ಅವುಗಳ ಹಿಂದಿರುವ ಕೋಡನ್ನಷ್ಟೇ ಹೊಸದಾಗಿ ಜೋಡಿಸುವುದು ಮರುರಚನೆ, ಅಂದರೆ ರಿಫ್ಯಾಕ್ಟರಿಂಗ್. ಓಡುತ್ತಿರುವ ತಂತ್ರಾಂಶವನ್ನು ಕೆಡಿಸಬಾರದು ಎಂಬುದು ಲಿನಕ್ಸ್‌ನಲ್ಲಿ ಬಹು ಬಿಗಿಯಾದ ಕಟ್ಟುಪಾಡು.

ಹಾಗಾಗಿ ಕರೆಯ ಹೊರರೂಪವನ್ನು ಮೊದಲೇ ಅಳೆದು ತೂಗಬೇಕು. ಇದಕ್ಕೆ ಕರ್ನಾಟಕದ ನಂಟಿರುವ ಉದಾಹರಣೆ ಫ್ಯಾಲೊಕೇಟ್. ಕಡತಕ್ಕೆ ಡಿಸ್ಕ್ ಜಾಗವನ್ನು ಮುಂಗಡ ಕಾದಿರಿಸುವ ಈ ಕರೆಯನ್ನು ಬರೆದವರು ಬೆಂಗಳೂರಿನಲ್ಲಿ ನೆಲೆಯಿದ್ದ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಅಮಿತ್ ಅರೋರ. 2007ರಲ್ಲಿ 2.6.23ನೇ ಆವೃತ್ತಿಗೆ ಅದು ಸೇರಿತು. ಅದಕ್ಕೆ ಮುನ್ನ ಆರ್ಗ್ಯುಮೆಂಟುಗಳ ಕ್ರಮದ ಬಗ್ಗೆಯೇ ದೀರ್ಘ ಚರ್ಚೆ ನಡೆಯಿತು. 32 ಬಿಟ್ ಯಂತ್ರದಲ್ಲಿ 64 ಬಿಟ್‌ನ ಸಂಖ್ಯೆಗೆ ಎರಡು ರಿಜಿಸ್ಟರ್ ಬೇಕು. ಕೆಲವು ಪ್ರೊಸೆಸರ್‌ಗಳಲ್ಲಿ ಅವು ನಿಗದಿತ ಜೋಡಿಯಾಗಿಯೇ ಇರಬೇಕು. ಕಡತದ ಗುರುತುಸಂಖ್ಯೆಯ ಬೆನ್ನಿಗೇ ಕಡತದೊಳಗಿನ ಸ್ಥಾನ ಹೇಳುವ 64 ಬಿಟ್‌ನ ಆಫ್‌ಸೆಟ್ ಬಂದರೆ ನಡುವೆ ಒಂದು ರಿಜಿಸ್ಟರ್ ದಂಡವಾಗುತ್ತದೆ. ಮೋಡ್ ಎಂಬ ಚಿಕ್ಕ ಆರ್ಗ್ಯುಮೆಂಟನ್ನು ಎರಡನೆಯ ಸ್ಥಾನಕ್ಕೆ ತಂದಾಗ ಎಲ್ಲವೂ ಆರು ರಿಜಿಸ್ಟರ್‌ಗಳಲ್ಲಿ ಹಿಡಿಯಿತು. ಐಬಿಎಂ ಮೇನ್‌ಫ್ರೇಮ್‌ಗಳ ಎಸ್‌390ಕ್ಕೆ ಮಾತ್ರ ಪ್ರತ್ಯೇಕ ಹೊದಿಕೆ ಫಂಕ್ಷನ್ ಬರೆಯಬೇಕಾಯಿತು.

ಹೊರರೂಪವನ್ನು ಹಾಗೇ ಇಟ್ಟು ಒಳಗನ್ನಷ್ಟೇ ಬದಲಿಸಬೇಕಾದ ಸಂದರ್ಭಗಳೂ ಬಂದವು. 2009ರಲ್ಲಿ ಕೆಲವು 64 ಬಿಟ್ ಯಂತ್ರಗಳಲ್ಲಿ ಭದ್ರತಾ ಲೋಪವೊಂದು ಕಂಡುಬಂತು. 32 ಬಿಟ್ ಆರ್ಗ್ಯುಮೆಂಟಿನ ರಿಜಿಸ್ಟರಿನ ಮೇಲರ್ಧದಲ್ಲಿ ಬಳಕೆದಾರ ಏನು ತುಂಬಿದ್ದರೂ ಕರ್ನಲ್ ನಂಬಿಬಿಡುತ್ತಿತ್ತು. ಹೈಕೊ ಕಾರ್ಸ್ಟೆನ್ಸ್ ಸಿಸ್ಟಂ ಕಾಲ್‌ಗಳನ್ನು ಸಿಸ್ಕಾಲ್_ಡಿಫೈನ್ ಎಂಬ ಮ್ಯಾಕ್ರೊದೊಳಗೆ ತಂದು ಲೋಪವನ್ನು ಮುಚ್ಚಿದರು.

ಆ ಮ್ಯಾಕ್ರೊ ಮುಂದೆ ಇನ್ನೂ ದೊಡ್ಡ ಕೆಲಸಕ್ಕೆ ಒದಗಿತು. ಕರ್ನಲ್ಲಿನ ಒಳಭಾಗಗಳೂ ಸಿಸ್ಟಂ ಕಾಲ್‌ಗಳನ್ನು ನೇರವಾಗಿ ಕರೆಯುವ ರೂಢಿ ಬೆಳೆದಿತ್ತು. ಈ ಅವಲಂಬನೆ ಇರುವವರೆಗೆ ಪ್ರವೇಶದ ವಿಧಾನವನ್ನು ಬದಲಿಸುವಂತಿರಲಿಲ್ಲ. 2018ರ 4.17ನೇ ಆವೃತ್ತಿಯಲ್ಲಿ ಡೊಮಿನಿಕ್ ಬ್ರೊಡೊವ್‌ಸ್ಕಿ ಅಂಥ ಒಳಕರೆಗಳನ್ನು ಒಂದೊಂದಾಗಿ ಕಿತ್ತು, ಅಗತ್ಯವಿದ್ದೆಡೆ ಕೆಸಿಸ್ ಎಂದು ಆರಂಭವಾಗುವ ಸಹಾಯಕ ಫಂಕ್ಷನ್‌ಗಳನ್ನು ಇಟ್ಟರು. ಬಳಿಕ ಎಕ್ಸ್86-64ರಲ್ಲಿ ಸಿಸ್ಟಂ ಕಾಲ್‌ಗೆ ಸಿಗುವುದು ರಿಜಿಸ್ಟರ್‌ಗಳನ್ನು ಉಳಿಸಿಟ್ಟ ಜಾಗದ ವಿಳಾಸ ಮಾತ್ರ. ಆ ಮ್ಯಾಕ್ರೊ ಹುಟ್ಟಿಸುವ ಹೊದಿಕೆ ತನಗೆ ಬೇಕಾದಷ್ಟನ್ನೇ ಅಲ್ಲಿಂದ ಎತ್ತಿಕೊಳ್ಳುತ್ತದೆ. ಬಳಕೆದಾರ ತುಂಬಿದ ಬೇಡದ ಮೌಲ್ಯಗಳು ಒಳಗೆ ಹರಿಯುವುದಿಲ್ಲ. ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದ ವರ್ಷದಲ್ಲಿ ಇದು ಬಹು ಬೆಲೆಯುಳ್ಳ ಸುಧಾರಣೆ. ಇಷ್ಟಾದರೂ ಹಳೆಯ ತಂತ್ರಾಂಶಗಳನ್ನು ಮತ್ತೆ ಕಂಪೈಲ್ ಮಾಡುವ ಪ್ರಮೇಯ ಬರಲಿಲ್ಲ. 2020ರ 5.10ರಿಂದ ಕ್ರಿಸ್ಟೋಫ್ ಹೆಲ್‌ವಿಗ್ ಅವರ ಶ್ರಮದಿಂದ ಕರ್ನಲ್ಲಿನ ವಿಳಾಸವನ್ನೇ ಬಳಕೆದಾರನ ವಿಳಾಸವೆಂಬಂತೆ ಬಳಸಲು ಬಿಡುತ್ತಿದ್ದ ಸೆಟ್_ಎಫ್‌ಎಸ್ ಎಂಬ ಅಪಾಯಕಾರಿ ಹಳೆಯ ಉಪಾಯವೂ ಮರೆಯಾಗತೊಡಗಿತು.

ಪುತ್ತೂರು, ಸುಳ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ಓದುವವರು, ಕಡಬದಲ್ಲಿ ಮನೆಯಲ್ಲೇ ಕೂತು ಕಲಿಯುವವರು ಪಠ್ಯಪುಸ್ತಕದ ಜೊತೆಗೆ ಲಿನಕ್ಸ್ ಮೂಲದ ಎಫ್‌ಎಸ್ ಫೋಲ್ಡರಿನ ಓಪನ್.ಸಿ ಕಡತವನ್ನೂ ತೆರೆದು ನೋಡಬೇಕು. ಫ್ಯಾಲೊಕೇಟ್‌ನ ಮ್ಯಾಕ್ರೊ, ಅದರ ಕೆಸಿಸ್ ಸಹಾಯಕ ಎರಡೂ ಅಲ್ಲಿ ಒಂದರ ಪಕ್ಕ ಒಂದಿವೆ.