ಹೊಲದ ಹಳೇ ಕಡತ ಪುರಾತತ್ವ ಇಲಾಖೆಯಲ್ಲೂ ಇರುತ್ತದೆ

ಹಲ್ಮಿಡಿ ಶಾಸನದ ಹೆಸರು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಅದರಲ್ಲಿ ಬರೆದಿರುವುದೇನು? ಕಾಳಗದಲ್ಲಿ ಹೋರಾಡಿದ ವಿಜ ಅರಸನಿಗೆ ಪಲ್ಮಿಡಿ, ಮುಳಿವಳ್ಳಿ ಎಂಬ ಎರಡು ಊರು ಕೊಟ್ಟ ವಿಷಯ. ಅಂದರೆ ಅದೂ ಒಂದು ಜಮೀನು ದಾಖಲೆಯೇ! ಬೇಲೂರು ತಾಲ್ಲೂಕಿನ ಆ ಕಲ್ಲನ್ನು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1936ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು.

ನಿಮ್ಮ ಊರಿನ ಕಲ್ಲೂ ಹೀಗೆ ದಾಖಲಾಗಿರಬಹುದು. ಬಿ.ಎಲ್. ರೈಸ್ 1886ರಿಂದ 1905ರವರೆಗೆ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಹಳೇ ಮೈಸೂರು ಮತ್ತು ಕೊಡಗಿನ ಶಾಸನಗಳಿವೆ. ಮೈಸೂರು ಸೀಮೆಯ ಶಾಸನಗಳನ್ನು ಜೋಡಿಸಿರುವುದು ರಾಜರ ಪ್ರಕಾರ ಅಲ್ಲ, ತಾಲ್ಲೂಕಿನ ಪ್ರಕಾರ. ಕಲ್ಲು ಕೆರೆ ಏರಿಯ ಮೇಲಿತ್ತೋ, ಗುಡಿಯ ಬಲಕ್ಕಿತ್ತೋ, ಹೊಲದಲ್ಲಿತ್ತೋ ಎಂಬುದೂ ಸಿಗುತ್ತದೆ. ಊರಿನ ಹೆಸರು ಗೊತ್ತಿದ್ದರೆ ಹುಡುಕಲು ಸಾಕು.

ಆದರೆ ಮನೆ ಕಟ್ಟುವವರಿಗೆ ಬೇಕಾದ ಕಾಗದ ಬೇರೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು. ಈ ಅಳತೆ ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಶುರು. ಊರಿನಲ್ಲಿ ಟೇಪು ಹಿಡಿದು ಗೋಡೆಯಿಂದ ಅಳೆದವರು ಮೋಸ ಹೋಗುವುದು ಇಲ್ಲೇ. ಆ ಗಡಿ ಗೊತ್ತಾಗಬೇಕಾದರೆ ಸ್ಮಾರಕವನ್ನು ಘೋಷಿಸಿದ ಗೆಜೆಟ್ ಅಧಿಸೂಚನೆ ಮತ್ತು ನಕ್ಷೆ ನೋಡಬೇಕು.

ಕೇಂದ್ರದ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಬೆಂಗಳೂರು, ಧಾರವಾಡ ಅಥವಾ ಹಂಪಿ ವಲಯ ಕಚೇರಿಗೆ ಬರೆಯಿರಿ. ರಾಜ್ಯದ್ದಾದರೆ ಕಾಯ್ದೆಯೇ ಬೇರೆ, 1961ರದ್ದು. ಆ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. "ನನ್ನ ಹೊಲದ ಇತಿಹಾಸ ತಿಳಿಸಿ" ಎಂದು ಬರೆದರೆ ಏನೂ ಬರುವುದಿಲ್ಲ. ಇಂಥ ಗ್ರಾಮ, ಇಂಥ ಸರ್ವೆ ನಂಬರಿಗೆ ಸಂಬಂಧಿಸಿದ ಅಧಿಸೂಚನೆ, ನಕ್ಷೆ, ಪರಿಶೀಲನಾ ವರದಿ ಇವುಗಳ ಪ್ರತಿ ಕೊಡಿ ಎಂದು ಕೇಳಿ.

ಇನ್ನೊಂದು ತೊಡಕಿದೆ. ಹಳೇ ಅಧಿಸೂಚನೆಯಲ್ಲಿ 45 ಎಂದಷ್ಟೇ ಇದ್ದು, ಆಮೇಲೆ ಪೋಡಿಯಾಗಿ ನಿಮ್ಮ ಪಹಣಿಯಲ್ಲಿ 45/3 ಆಗಿರಬಹುದು. ಹಾಗಿದ್ದರೆ ಮೊದಲು ತಾಲ್ಲೂಕಿನ ಸರ್ವೆ ಶಾಖೆಯಲ್ಲಿ ಮೂಲ ಟಿಪ್ಪಣಿ, ಆಕಾರ್‌ಬಂದ್ ನಕಲು ತೆಗೆಸಿ, ಅರ್ಜಿಯಲ್ಲಿ ಎರಡೂ ನಂಬರು ಬರೆಯಿರಿ.