ಪರದೇಶದ ಬಂಡವಾಳವೂ ಸ್ಥಳೀಯ ಉದ್ಯಮವೂ: ದಾವಣಗೆರೆ–ಹರಿಹರಗಳ ನಿದರ್ಶನ

ಬಡ ನಾಡುಗಳ ಅಭ್ಯುದಯಕ್ಕೆ ಪರದೇಶದ ಬಂಡವಾಳವು ಎಷ್ಟರಮಟ್ಟಿಗೆ ಸಾಧಕವೆಂಬುದು ಅರ್ಥಶಾಸ್ತ್ರಜ್ಞರಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗಿರುವ ವಿಷಯ. ಈ ಪ್ರಶ್ನೆಯನ್ನು ಬೆಂಗಳೂರು–ಹರಿಹರ ರೈಲುಮಾರ್ಗದ ಇತಿಹಾಸದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. 1876–78ರ ಭೀಕರ ಕ್ಷಾಮವೇ ಇದಕ್ಕೆ ಮುಖ್ಯ ಕಾರಣ. ಒಳನಾಡಿಗೆ ಧಾನ್ಯ ಸಾಗಿಸಲು ರೈಲು ಅತ್ಯಗತ್ಯವೆಂಬುದನ್ನು ಆ ಕ್ಷಾಮವು ಮನಗಾಣಿಸಿತು. ಆದರೆ 1881ರಲ್ಲಿ ಒಡೆಯರ ಆಳ್ವಿಕೆ ಮರಳಿದಾಗ ಸಂಸ್ಥಾನದ ಮೇಲೆ ಭಾರತ ಸರ್ಕಾರದ 80 ಲಕ್ಷ ರೂಪಾಯಿಗಳ ಸಾಲವಿದ್ದಿತು. ದಿವಾನ್ ರಂಗಾಚಾರ್ಲು ಅವರು ಕೈಗೊಂಡ ರೈಲುಕಾರ್ಯವನ್ನು ಸ್ವಂತ ಹಣದಿಂದಲೇ ಮುಂದುವರಿಸುವುದು ದುಸ್ಸಾಧ್ಯವಾಯಿತು. ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿಯೊಡನೆ ಒಪ್ಪಂದವಾಯಿತು. ಶೇಕಡ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡುಗಳು ಇಂಗ್ಲೆಂಡಿನಲ್ಲಿ ಸಂಗ್ರಹವಾದವು. 1889ರಲ್ಲಿ ಮಾರ್ಗವು ದಾವಣಗೆರೆಯನ್ನು ಹಾದು ಹರಿಹರವನ್ನು ಮುಟ್ಟಿ, ಹುಬ್ಬಳ್ಳಿಯ ಕಡೆಯ ಮಾರ್ಗವನ್ನು ಕೂಡಿಕೊಂಡಿತು.

ಈ ಸಾಲದ ಷರತ್ತುಗಳನ್ನು ವಿಶೇಷವಾಗಿ ಗಮನಿಸಬೇಕು. ಬಡ್ಡಿಗೆ ಸಂಸ್ಥಾನವೇ ಹೊಣೆ. ರೈಲು ಲಾಭ ತಂದರೂ ತಾರದಿದ್ದರೂ ಹಣ ಹೂಡಿದವನ ಪಾಲು ನಿಶ್ಚಿತ. ನಷ್ಟದ ಭಾರ ಬೊಕ್ಕಸದ ಮೇಲೆ, ಎಂದರೆ ಬಹುಪಾಲು ಕಂದಾಯ ತೆರುವ ರೈತನ ಮೇಲೆ. ಇದಲ್ಲದೆ ಸಾಲವು ಪೌಂಡುಗಳಲ್ಲಿದ್ದಿತು. ಬೆಳ್ಳಿಯ ಬೆಲೆ ಕುಸಿದಂತೆ, 1870ರ ಸುಮಾರಿಗೆ ಹೆಚ್ಚುಕಡಮೆ 2 ಷಿಲಿಂಗು ಬಾಳುತ್ತಿದ್ದ ರೂಪಾಯಿ 1892–93ರಲ್ಲಿ ಸುಮಾರು 1 ಷಿಲಿಂಗು 3 ಪೆನ್ನಿಗೆ ಇಳಿಯಿತು. ಅಷ್ಟೇ ಬಡ್ಡಿಗೆ ಹೆಚ್ಚು ರೂಪಾಯಿಗಳನ್ನು ತೆರಬೇಕಾಯಿತು.

ಆದರೂ ರೈಲಿನಿಂದ ಪ್ರಯೋಜನವಾಗಲಿಲ್ಲವೆನ್ನುವಂತಿಲ್ಲ. ದಾವಣಗೆರೆ ಅದಾಗಲೇ ವರ್ತಕರ ಊರು. ಹೈದರಾಲಿಯಿಂದ ಇದನ್ನು ಜಹಗೀರಾಗಿ ಪಡೆದ ಅಪ್ಪೋಜಿರಾಮನು ವ್ಯಾಪಾರಿಗಳನ್ನು ಇಲ್ಲಿ ನೆಲೆಗೊಳ್ಳುವಂತೆ ಪ್ರೋತ್ಸಾಹಿಸಿದ್ದನು. ಅವರ ಹತ್ತಿಗೂ ಧಾನ್ಯಕ್ಕೂ ರೈಲು ದೂರದ ಪೇಟೆಗಳನ್ನು ತೆರೆಯಿತು. ಆದರೆ ಅದೇ ಹಳಿಗಳ ಮೇಲೆ ಹೊರಗಿನ ಗಿರಣಿಬಟ್ಟೆಯೂ ಒಳಬರುವುದು ಸುಲಭವಾಯಿತು. ಸ್ಥಳೀಯ ವರ್ತಕರ ಹಣದಿಂದ ದಾವಣಗೆರೆಯಲ್ಲಿ ಬಟ್ಟೆಗಿರಣಿ ಏಳಲು 1930ರ ದಶಕದವರೆಗೆ ಕಾಯಬೇಕಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪಿತವಾಗಿ, ಲೇತ್ ಯಂತ್ರಗಳ ತಯಾರಿಕೆಗೆ ಹೆಸರಾಯಿತು. ರೈಲು ಬಂದುದಕ್ಕೂ ಈ ಉದ್ಯಮಗಳು ಬೇರೂರಿದುದಕ್ಕೂ ನಡುವೆ ಸುಮಾರು ಅರ್ಧ ಶತಮಾನದ ಅಂತರವಿದೆ.

1991ರ ಆರ್ಥಿಕ ಸುಧಾರಣೆಗಳು ಆಮದಿನ ನಿರ್ಬಂಧಗಳನ್ನು ಸಡಿಲಿಸಿ ಪರದೇಶದ ಬಂಡವಾಳಕ್ಕೆ ಬಾಗಿಲು ತೆರೆದವು. ದೇಶದ ಒಟ್ಟು ಉತ್ಪನ್ನ ಬೆಳೆಯಿತೆಂಬುದು ನಿರ್ವಿವಾದ. ಆದರೆ ದಾವಣಗೆರೆಯ ಹಳೆಯ ಗಿರಣಿಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದೊಂದಾಗಿ ನಿಂತುಹೋದವು. ಹೊಸ ಶತಮಾನದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಇದಕ್ಕೆಲ್ಲ ಸುಧಾರಣೆಯೊಂದೇ ಕಾರಣವೆನ್ನುವುದು ಯುಕ್ತವಲ್ಲ. ಗಿರಣಿಗಳ ಸಂಕಷ್ಟ ಅದಕ್ಕಿಂತ ಹಳೆಯದು. ಆದರೂ ರಾಷ್ಟ್ರದ ಸರಾಸರಿಯ ಏಳಿಗೆ ಪ್ರತಿಯೊಂದು ಊರಿನ ಏಳಿಗೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ಪರದೇಶದ ಬಂಡವಾಳವನ್ನು ಸ್ವಾಗತಿಸಬೇಕೆ ಬೇಡವೆ ಎಂಬ ಪ್ರಶ್ನೆಯಷ್ಟೇ ಸಾಲದು. ನಷ್ಟವಾದರೆ ಹೊಣೆ ಯಾರದು, ಬಂದ ಬಂಡವಾಳವನ್ನು ಬಳಸಿಕೊಳ್ಳುವಷ್ಟು ಹಣವೂ ಕುಶಲತೆಯೂ ಸ್ಥಳೀಯರಲ್ಲಿ ಬೆಳೆದಿವೆಯೆ ಎಂಬುದನ್ನು ಮೊದಲು ವಿಚಾರಿಸಬೇಕು. ಲಂಡನ್ನಿನ ಹಣದಿಂದ ಹಳಿಗಳು ಬಂದವು. ಗಿರಣಿಯನ್ನು ಕಟ್ಟಿದವರು ಊರಿನ ವರ್ತಕರು.